ಚಾಕೊಲೇಟ್ ಬಾಂಬ್ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥವು ತನ್ನ ಆರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು, ಎಂದರೆ ಓದುಗನು ಮುಂದುವರಿಯಬೇಕೋ ಬೇಡವೋ ಎಂದು ನಿಶ್ಚಯಿಸಲು ಬೇಕಾದ ನಾಲ್ಕು ಸಂಗತಿಗಳನ್ನು, ತಿಳಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾಗಿರುವುದರಿಂದ ಪ್ರಸ್ತುತ ಪ್ರಬಂಧವೂ ಅದನ್ನು ಮೀರುವುದಿಲ್ಲ. ಇಲ್ಲಿ ವಿಷಯವೆಂದರೆ ಅಮೆರಿಕದ ಅಡುಗೆಮನೆಗಳಲ್ಲಿ ಕ್ರಿಸ್‌ಮಸ್ ಸಮಯಕ್ಕೆ ಸಿದ್ಧವಾಗುವ, ಒಳಗೆ ಟೊಳ್ಳಾಗಿದ್ದು ಆ ಟೊಳ್ಳಿನಲ್ಲಿ ಕೋಕೋ ಪುಡಿಯನ್ನೂ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಕ್ಕರೆಯುಂಡೆಗಳನ್ನೂ ಅಡಗಿಸಿಕೊಂಡಿರುವ, ಬಿಸಿ ಹಾಲು ಸುರಿದೊಡನೆ ಒಡೆದು ಕರಗಿಹೋಗುವ ಚಾಕೊಲೇಟ್ ಗೋಳ. ಪ್ರಯೋಜನವೆಂದರೆ ಒಂದು ಲೋಟ ಬಿಸಿ ಚಾಕೊಲೇಟ್ ಹಾಲು. ಇವೆರಡರ ನಡುವಿನ ಸಂಬಂಧವು ಸುಮಾರು ಅರ್ಧ ದಿನದ್ದು. ಅಧಿಕಾರಿಯೆಂದರೆ ಉಷ್ಣಮಾಪಕ, ಆರು ಗುಳಿಗಳ ಸಿಲಿಕೋನ್ ಅಚ್ಚು ಮತ್ತು ಫ್ರಿಜ್ಜಿನಲ್ಲಿ ಒಂದಿಷ್ಟು ಜಾಗ ಉಳ್ಳವನು. ‘ಪುಡಿಯನ್ನು ನೇರವಾಗಿ ಹಾಲಿಗೆ ಹಾಕಿ ಕಲಕಿದರಾಗದೇ?’ ಎಂದು ಕೇಳುವವನು ಅನಧಿಕಾರಿ. ಅವನು ಪ್ರಬಂಧವನ್ನು ಇಲ್ಲಿಗೇ ಮುಚ್ಚಿಟ್ಟು ಹಾಲು ಕಾಯಿಸಿಕೊಳ್ಳುವುದು ಉಭಯಪಕ್ಷಕ್ಕೂ ಹಿತ.

ಮೊದಲಿಗೆ ನಾಮವಿಚಾರ. ಬಾಂಬ್ ಎಂಬ ಶಬ್ದದಿಂದ ಸಿಡಿತವು ಬೋಧವಾಗುತ್ತದೆಯಾದರೂ ಈ ಪದಾರ್ಥದಲ್ಲಿ ಸದ್ದೂ ಇಲ್ಲ, ಹೊಗೆಯೂ ಇಲ್ಲ. ದೀಪಾವಳಿಯ ಲಕ್ಷ್ಮೀ ಪಟಾಕಿಯ ಪಕ್ಕದಲ್ಲಿಟ್ಟರೆ ಇದು ಶುದ್ಧ ಸಾತ್ತ್ವಿಕ ವಸ್ತು. ಆದ್ದರಿಂದ ಇದನ್ನು ಯೌಗಿಕ ಪದವೆಂದು, ಎಂದರೆ ಅವಯವಗಳ ಅರ್ಥದಿಂದಲೇ ತಿಳಿಯತಕ್ಕ ಪದವೆಂದು, ಹಿಡಿಯದೆ ರೂಢಿಯಿಂದಲೇ ಅರ್ಥೈಸಬೇಕು. ಗುಂಡನೆಯ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿದ ಐಸ್‌ಕ್ರೀಮಿಗೆ ಫ್ರೆಂಚರು ಹಿಂದೆಯೇ ‘ಬೋಂಬ್’ ಎಂದು ಹೆಸರಿಟ್ಟಿದ್ದರು. 1989ರಲ್ಲಿ ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್ ಅವರು ಸ್ನಾನದ ತೊಟ್ಟಿಯಲ್ಲಿ ಬುಸುಗುಟ್ಟುತ್ತ ಕರಗುವ ಬಾತ್ ಬಾಂಬನ್ನು ರೂಪಿಸಿದರು. ತಿನ್ನುವ ಗುಂಡು ಮತ್ತು ಮೀಯುವ ಗುಂಡು ಎಂಬ ಈ ಎರಡು ವಂಶಗಳ ಸಂಗಮದಲ್ಲಿ ಪ್ರಕೃತ ಪದಾರ್ಥವು ಹುಟ್ಟಿತೆಂದು ಊಹಿಸಿದರೆ ತಪ್ಪಾಗಲಾರದು. ಜನ ಮನೆಯಿಂದ ಹೊರಬೀಳದಂತಾಗಿದ್ದ 2020ರ ಚಳಿಗಾಲದಲ್ಲಿ ಟಿಕ್‌ಟಾಕಿನ ಕಿರುಚಿತ್ರಗಳ ಮೂಲಕ ಇದು ಮನೆಮನೆಗೂ ಹಬ್ಬಿತು. ವಿಮಾನನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಮಾತ್ರ ಇದರ ನಾಮೋಚ್ಚಾರಣೆಯನ್ನು ಸರ್ವಥಾ ವರ್ಜಿಸತಕ್ಕದ್ದು.

ಇನ್ನು ನಿರ್ಮಾಣವಿಧಿ. ಇದರ ಜೀವಾಳವಿರುವುದು ಟೆಂಪರಿಂಗ್ ಎಂಬ ಸಂಸ್ಕಾರದಲ್ಲಿ. ಚಾಕೊಲೇಟಿನೊಳಗಿನ ಕೋಕೋ ಬೆಣ್ಣೆಯು ಗಟ್ಟಿಯಾಗುವಾಗ ಒಂದೇ ಬಗೆಯಲ್ಲಿ ಗಟ್ಟಿಯಾಗುವುದಿಲ್ಲ. ಅದರ ಹರಳುಗಳಿಗೆ ಆರು ರೂಪಗಳಿವೆಯೆಂದು 1966ರಲ್ಲಿ ವಿಲ್ಲೆ ಮತ್ತು ಲಟನ್ ಎಂಬ ವಿಜ್ಞಾನಿಗಳು ವಿವರಿಸಿದರು. ದಶಾವತಾರಗಳಲ್ಲಿ ಎಲ್ಲಕ್ಕೂ ಸಮಾನ ಪೂಜೆ ಸಲ್ಲದಂತೆ ಈ ಆರರಲ್ಲಿಯೂ ಐದನೆಯದಕ್ಕೆ ಮಾತ್ರ ಮನ್ನಣೆ. ಮೊದಲ ನಾಲ್ಕು ರೂಪಗಳಲ್ಲಿ ನಿಂತ ಚಾಕೊಲೇಟು ಮಂಕಾಗಿ, ಮೆತ್ತಗಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಐದನೆಯದರಲ್ಲಿ ನಿಂತದ್ದು ಫಳಫಳನೆ ಹೊಳೆದು, ಮುರಿದರೆ ಟಕ್ಕೆಂದು, ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂದರೆ ನಾಲಗೆಯ ಮೇಲೆ ಸರಿಯಾಗಿ, ಕರಗುತ್ತದೆ. ಆರನೆಯದು ಐದನೆಯದಕ್ಕೆ ಮುಪ್ಪು ಬಂದ ಮೇಲಿನ ಅವಸ್ಥೆ. ಹಳೆಯ ಚಾಕೊಲೇಟಿನ ಮೇಲೆ ಬೂದಿ ಬಳಿದಂತೆ ಕಾಣುವ ಬಿಳುಪು ಅದರ ನರೆಗೂದಲು.

ಈ ಪಂಚಮಾವತಾರವನ್ನು ಆವಾಹಿಸುವ ಕ್ರಮ ಹೀಗಿದೆ. ಕಪ್ಪು ಚಾಕೊಲೇಟನ್ನು ಕುದಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ 45ರಿಂದ 50 ಡಿಗ್ರಿಯವರೆಗೆ ಕರಗಿಸಿ ಹಳೆಯ ಹರಳುಗಳ ನೆನಪನ್ನೆಲ್ಲ ಅಳಿಸಿ, ಕೆಳಗಿಳಿಸಿ, ಕರಗಿಸದೆ ಎತ್ತಿಟ್ಟುಕೊಂಡ ಚೂರುಗಳನ್ನು ಅದಕ್ಕೆ ಬೆರೆಸುತ್ತ ಸುಮಾರು 27 ಡಿಗ್ರಿಗೆ ತಂದು, ಪುನಃ ಹದವಾಗಿ 31-32 ಡಿಗ್ರಿಗೆ ಏರಿಸಬೇಕು. ಚೂರುಗಳನ್ನು ಬೆರೆಸುವ ಉದ್ದೇಶವೇನೆಂಬುದನ್ನು ಪಾಶ್ಚಾತ್ಯ ಪಾಕಗ್ರಂಥಗಳು ಪುಟಗಟ್ಟಲೆ ವಿವರಿಸುತ್ತವೆಯಾದರೂ, ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವ ಯಾವ ಗೃಹಿಣಿಗೂ ಅದು ಒಂದೇ ಮಾತಿನಲ್ಲಿ ತಿಳಿಯುತ್ತದೆ: ಒಳ್ಳೆಯ ಹರಳು ಇನ್ನುಳಿದುದಕ್ಕೆ ಹೆಪ್ಪು. ಈ ಹೊತ್ತಿನಲ್ಲಿ ಬಟ್ಟಲಿಗೆ ನೀರಿನ ಹನಿ ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಇಡೀ ಪಾಕವೇ ಗಂಟುಗಂಟಾದ ಕೆಸರಾಗುತ್ತದೆ. ವಿಚಿತ್ರವೆಂದರೆ ಇನ್ನಷ್ಟು ನೀರನ್ನೋ ಹಾಲನ್ನೋ ಧಾರಾಳವಾಗಿ ಸುರಿದರೆ ಅದು ಮತ್ತೆ ಸಡಿಲಗೊಳ್ಳುತ್ತದೆ. ಅಲ್ಪ ಜಲವು ದೋಷ, ಬಹು ಜಲವು ಪರಿಹಾರ ಎಂಬ ಈ ನಿಯಮಕ್ಕೆ ಧರ್ಮಶಾಸ್ತ್ರದಲ್ಲಿಯೂ ದೃಷ್ಟಾಂತ ದುರ್ಲಭ. ಪರಿಹಾರಗೊಂಡ ಪಾಕವು ಅಚ್ಚಿಗೆ ಬಾರದು, ಕುಡಿಯಲು ಮಾತ್ರ ಬರುತ್ತದೆ ಎಂಬುದನ್ನು ಅನಧಿಕಾರಿಯ ಕಿವಿಗೆ ಬೀಳದಂತೆ ಹೇಳಬೇಕು.

ಇಷ್ಟೆಲ್ಲ ಕಷ್ಟವೇಕೆ, ಕೋಕೋ ಬೆಣ್ಣೆಗೆ ಬದಲಾಗಿ ತಾಳೆಬೀಜದ ಎಣ್ಣೆಯಂಥ ಕೊಬ್ಬು ಸೇರಿದ ಕಾಂಪೌಂಡ್ ಚಾಕೊಲೇಟನ್ನು ಬಳಸಿದರೆ ಟೆಂಪರಿಂಗೇ ಬೇಡವಲ್ಲ ಎಂಬುದು ಲಘುಮಾರ್ಗಿಗಳ ಮತ. ಅದು ನಿಜ, ರುಚಿಯಲ್ಲಿ ಮೇಣದಬತ್ತಿಯ ನೆನಪಾದರೆ ಅದಕ್ಕೂ ಅವರೇ ಹೊಣೆ. ಆದರೆ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಉಪಬೆಳೆಯಾಗಿ ಬೆಳೆಯುವ, 1986ರಿಂದ ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆಯಿರುವ ಪುತ್ತೂರಿನ ಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನ ಈ ಪ್ರಯೋಗಕ್ಕಿಳಿಯುವವನು ಲಘುಮಾರ್ಗವನ್ನು ಹಿಡಿದರೆ ಕ್ಷಮೆಯುಂಟು. ಅಲ್ಲಿ ಐದನೆಯ ಅವತಾರವು ಲೋಟದ ಹಾಲಿಗಾಗಿ ಕಾಯದೆ ಹೊರಗಿನ ಹವೆಗೇ ಸಮಾಪ್ತವಾಗುವ ಸಂಭವವಿದೆ.

ಹದಗೊಂಡ ಚಾಕೊಲೇಟನ್ನು ಅಚ್ಚಿನ ಅರ್ಧಗೋಳದ ಗುಳಿಗಳಿಗೆ ಚಮಚದ ಬೆನ್ನಿನಿಂದ ಬಳಿದು, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು, ಅಂಚು ತೆಳುವಾದಲ್ಲಿ ಎರಡನೆಯ ಲೇಪ ಕೊಟ್ಟು, ಮತ್ತೆ ತಣಿಸಿ, ಅಚ್ಚನ್ನು ಹೊರಮುಖವಾಗಿ ಮಗುಚಿ ಬಿಡಿಸಬೇಕು. ಸಂಕ್ರಾಂತಿಗೆ ಮರದ ಅಚ್ಚುಗಳಿಗೆ ಪಾಕ ಹೊಯ್ದು ಸಕ್ಕರೆ ಅಚ್ಚು ಮಾಡಿದವರಿಗೆ ಈ ಕ್ಷಣದ ಆತಂಕವನ್ನು ಬಣ್ಣಿಸಬೇಕಾಗಿಲ್ಲ. ಅಲ್ಲಿ ಆನೆಯ ಸೊಂಡಿಲು, ಗಿಣಿಯ ಕೊಕ್ಕು ಅಚ್ಚಿನಲ್ಲಿಯೇ ಉಳಿದು ಮಿಕ್ಕ ದೇಹವಷ್ಟೇ ಹೊರಬರುವಂತೆ ಇಲ್ಲಿ ಗೋಳದ ಅಂಚು ಉದುರುತ್ತದೆ. ಆದರೆ ಮೂಗು ಮುರಿದ ಸಕ್ಕರೆ ಗಿಣಿಯನ್ನು ಎಳ್ಳುಬೆಲ್ಲದ ತಟ್ಟೆಯಲ್ಲಿ ಎಳ್ಳಿನಡಿ ಮುಚ್ಚಿ ಬೀರಬಹುದು. ಅಂಚೊಡೆದ ಚಾಕೊಲೇಟಿಗೆ ಅಂಥ ಮರೆಯಿಲ್ಲ.

ಆಮೇಲೆ ಬಿಸಿ ಮಾಡಿದ ತಟ್ಟೆಯ ಮೇಲೆ ಅರ್ಧಗೋಳದ ಬಾಯಿಯನ್ನು ಕ್ಷಣಕಾಲ ಒತ್ತಿ ಸಮ ಮಾಡಿ, ಒಂದರಲ್ಲಿ ಪುಡಿಯನ್ನೂ ಮಾರ್ಷ್‌ಮ್ಯಾಲೋಗಳನ್ನೂ ತುಂಬಿ, ಇನ್ನೊಂದರ ಬಾಯಿಯನ್ನು ಅದೇ ರೀತಿ ಕರಗಿಸಿ ಮೇಲಿಟ್ಟರೆ ಸಂಧಿಕಾರ್ಯವಾಗುತ್ತದೆ. ಇದು ಲೋಪಸಂಧಿ, ಎರಡು ಅಂಚುಗಳೂ ಸ್ವಲ್ಪ ಸ್ವಲ್ಪ ಲೋಪವಾಗಿಯೇ ಕೂಡುತ್ತವೆ. ಕೈಯ ಬಿಸಿಗೆ ಬೆರಳಚ್ಚು ಮೂಡುವುದರಿಂದ ಕೈಗವಸು ಕಡ್ಡಾಯ. ಮೇಲ್ಗಡೆ ಎಳೆಯಾಗಿ ಬಿಡುವ ಬಿಳಿ ಚಾಕೊಲೇಟು, ಚೂರು ಮಾಡಿದ ಪೆಪ್ಪರ್‌ಮಿಂಟು, ಬಣ್ಣಬಣ್ಣದ ಸಕ್ಕರೆ ಕಾಳು ಇವೆಲ್ಲ ಶೋಭಾರ್ಥವೆಂದು ಹೇಳಲಾಗುತ್ತದೆಯಾದರೂ ಬೆಸುಗೆಯ ಸೊಟ್ಟವನ್ನು ಮುಚ್ಚುವುದೇ ಅವುಗಳ ಮುಖ್ಯ ಕರ್ತವ್ಯ. ಮಾರ್ಷ್‌ಮ್ಯಾಲೋ ಒಂದು ಕಾಲದಲ್ಲಿ ಅದೇ ಹೆಸರಿನ ಜೌಗುಗಿಡದ ಬೇರಿನ ಲೋಳೆಯಿಂದ ಆಗುತ್ತಿತ್ತು. ಈಗ ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುವುದರಿಂದ, ಅಮೆರಿಕದಲ್ಲಿರುವ ಸಸ್ಯಾಹಾರಿ ಕನ್ನಡಿಗರ ಮನೆಗಳಲ್ಲಿ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳ ಪಾರಾಯಣವು ನಿರ್ಮಾಣವಿಧಿಯ ಪೂರ್ವಾಂಗವಾಗುವುದು ಸಹಜ.

ಹೀಗೆ ಸಿದ್ಧವಾದ ಗೋಳದ ವಿಷಯದಲ್ಲಿ ದಾರ್ಶನಿಕರಲ್ಲಿ ಒಮ್ಮತ ಮೂಡುವುದು ಕಷ್ಟ. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆನ್ನುವ ಸಾಂಖ್ಯನು, ಹಾಲಿನಲ್ಲಿ ಮೊಸರಿರುವಂತೆ ಪಾನೀಯವು ಗೋಳದಲ್ಲಿಯೇ ಇದೆಯೆಂದು ವಾದಿಸಬೇಕಾಗುತ್ತದೆ. ಹಾಗಿದ್ದರೆ ಹಾಲನ್ನೇಕೆ ಸುರಿಯಬೇಕೆಂದು ನೈಯಾಯಿಕನು ಕೇಳುತ್ತಾನೆ. ನಾಶಾನಂತರದ ಇಲ್ಲದಿರುವಿಕೆಗೆ ಪ್ರಧ್ವಂಸಾಭಾವ ಎಂಬ ಹೆಸರಿದ್ದು, ಲೋಕದ ಇತರ ವಸ್ತುಗಳು ಅದಕ್ಕೆ ಅಂಜುತ್ತಿದ್ದರೆ ಇದು ಅದಕ್ಕಾಗಿಯೇ ಹುಟ್ಟಿದೆ. ಈ ವಿಷಯದಲ್ಲಿ ಇದಕ್ಕೆ ಸಮಾನವಾದುದು ಕೆರೆಗೆ ಬಿಡುವ ಮಣ್ಣಿನ ಗಣಪತಿಯೊಂದೇ. ಉಪವಾಸದ ಪ್ರಶ್ನೆ ಇನ್ನೂ ಜಟಿಲ. ಕಾರ್ಡಿನಲ್ ಬ್ರಾಂಕಾಚಿಯೋ ಅವರು 1664ರಲ್ಲಿ ರೋಮಿನಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ದ್ರವವು ಉಪವಾಸವನ್ನು ಮುರಿಯುವುದಿಲ್ಲವಾದ್ದರಿಂದ ಚಾಕೊಲೇಟ್ ಪಾನಕ್ಕೆ ದೋಷವಿಲ್ಲವೆಂದು ನಿರ್ಣಯಿಸಿದ್ದರು. ಲೋಟಕ್ಕೆ ಇಳಿಯುವಾಗ ಘನವಾಗಿದ್ದು ಬಾಯಿಗೆ ಬರುವಾಗ ದ್ರವವಾಗಿರುವ ಈ ಗೋಳವನ್ನು ಅವರು ಕಂಡಿದ್ದರೆ ಇನ್ನೊಂದು ಸಂಪುಟವೇ ಬೇಕಾಗುತ್ತಿತ್ತು.

ಅಂತಿಮ ವಿಧಿಯು ಚಿಕ್ಕದು. ಗೋಳವನ್ನು ಲೋಟದಲ್ಲಿಟ್ಟು ಕುದಿಯುವ ಮುನ್ನವೇ ಇಳಿಸಿದ ಬಿಸಿ ಹಾಲನ್ನು ನೆತ್ತಿಯ ಮೇಲೆ ಸುರಿದರೆ ಚಿಪ್ಪು ಬಿರಿದು, ಮಾರ್ಷ್‌ಮ್ಯಾಲೋಗಳು ತಮ್ಮೊಳಗಿನ ಗಾಳಿಯಿಂದಾಗಿ ಮೇಲಕ್ಕೆ ತೇಲಿಬರುತ್ತವೆ. ಇದು ಕೆಲವೇ ಕ್ಷಣಗಳ ದೃಶ್ಯವಾದುದರಿಂದ ಮೊಬೈಲಿನಲ್ಲಿ ಚಿತ್ರೀಕರಣವು ವಿಧಿಯ ಅವಿಭಾಜ್ಯ ಅಂಗ. ಆರು ಗುಳಿಗಳ ಅಚ್ಚಿನಿಂದ ಒಮ್ಮೆಗೆ ಬರುವುದು ಮೂರೇ ಗೋಳ. ಅವುಗಳಲ್ಲಿ ಒಂದು ಬಿಡಿಸುವಾಗ ಒಡೆಯುತ್ತದೆ, ಒಂದು ಚಿತ್ರೀಕರಣದ ಗುಂಡಿ ಒತ್ತಿರಲಿಲ್ಲವೆಂಬ ಕಾರಣಕ್ಕೆ ವ್ಯರ್ಥವಾಗುತ್ತದೆ, ಮೂರನೆಯದು ಶಾಸ್ತ್ರೋಕ್ತವಾಗಿ ಅರಳಿ ಮಕ್ಕಳ ಪಾಲಾಗುತ್ತದೆ. ಮಕ್ಕಳು ಮಾರ್ಷ್‌ಮ್ಯಾಲೋಗಳನ್ನಷ್ಟೇ ಚಮಚದಿಂದ ಆರಿಸಿ ತಿಂದು ಎದ್ದುಹೋದ ಮೇಲೆ, ಕರ್ತೃವು ಒಡೆದ ಚಿಪ್ಪಿನ ಚೂರುಗಳನ್ನೂ ಬಟ್ಟಲಿಗಂಟಿದ ಪಾಕವನ್ನೂ ಮಿಕ್ಕ ಪುಡಿಯನ್ನೂ ಒಂದು ಪಾತ್ರೆಯ ಹಾಲಿಗೆ ಹಾಕಿ, ಕಲಕಿ, ಕಾಯಿಸಿ, ಒಲೆಯ ಬಳಿ ನಿಂತುಕೊಂಡೇ ಕುಡಿಯುತ್ತಾನೆ. ಆ ಹೊತ್ತಿಗೆ ಅನಧಿಕಾರಿಯು ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡರೆ ಅವನಿಗೂ ಒಂದು ಲೋಟ ಕೊಡಬಹುದೆಂದು, ಆದರೆ ಪ್ರಶ್ನೆ ಕೇಳಲು ಅವಕಾಶ ಕೊಡಬಾರದೆಂದು, ವಿಧಿಯಿದೆ.