ನಾಮದ ಚಿಲುಮೆ ಯಾತ್ರಾಯೋಜನಾ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕು ಅನುಬಂಧಗಳನ್ನು ಮೊದಲಿಗೇ ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದ್ದರಿಂದ ಈ ಕಿರುಗ್ರಂಥವೂ ಅದನ್ನು ಮೀರುವಂತಿಲ್ಲ. ಇಲ್ಲಿ ವಿಷಯವೆಂದರೆ, ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ದಾರಿಯಲ್ಲಿರುವ ನಾಮದ ಚಿಲುಮೆಗೆ ಬೆಂಗಳೂರಿನ ಹೊರವಲಯದಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಜನೆ. ಹೋಗಿಬರುವುದಲ್ಲ, ಯೋಜನೆ ಎಂಬುದನ್ನು ಓದುಗರು ಗಮನಿಸಬೇಕು. ಪ್ರಯೋಜನವೆಂದರೆ, ದುಡ್ಡು ತೆರದೆ, ಮೋಟಾರು ಹಾಕದೆ, ಯಾರಿಗೂ ಫೋನು ಮಾಡದೆ ತಾನಾಗಿ ಬರುವ ನೀರಿನ ದರ್ಶನ. ಅಧಿಕಾರಿ, ಅಂದರೆ ಈ ಶಾಸ್ತ್ರದ ಅಧ್ಯಯನಕ್ಕೆ ಅರ್ಹನಾದವನು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರರಲ್ಲಿ ಒಂದು ಕಡೆ ದುಡಿಯುತ್ತ, ಉಳಿದೆರಡು ಕಡೆ ನೆಂಟರನ್ನು ಉಳ್ಳವನು. ಸಂಬಂಧವೆಂದರೆ ಇವರೆಲ್ಲರನ್ನೂ ಒಂದೆಡೆ ಕೂಡಿಹಾಕಿರುವ ವಾಟ್ಸ್‌ಆಪ್ ಗುಂಪು.

ಚಿಲುಮೆಯ ಲಕ್ಷಣವನ್ನು ಎರಡು ಸಂಪ್ರದಾಯಗಳು ಎರಡು ಬಗೆಯಲ್ಲಿ ಹೇಳುತ್ತವೆ. ಸ್ಥಳಪುರಾಣದ ಪ್ರಕಾರ, ವನವಾಸದಲ್ಲಿದ್ದ ಶ್ರೀರಾಮನು ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಕಾಣದೆ ಬಂಡೆಗೆ ಬಾಣ ಬಿಟ್ಟನು, ಬಾಣ ನಾಟಿದಲ್ಲಿ ನೀರು ಉಕ್ಕಿತು, ಜಾಗಕ್ಕೆ ಹೆಸರೂ ಅದರಿಂದಲೇ ಬಂದಿತು. ಭೂವಿಜ್ಞಾನದ ಪ್ರಕಾರ, ಗುಡ್ಡದ ಮೇಲೆ ಬಿದ್ದ ಮಳೆಯು ಕಾಡಿನ ತರಗೆಲೆ, ಮಣ್ಣುಗಳ ಮೂಲಕ ಇಂಗಿ, ಕೆಳಗಿನ ಗಟ್ಟಿ ಶಿಲೆಯ ಬಿರುಕುಗಳಲ್ಲಿ ಮೆಲ್ಲಗೆ ಸರಿದು, ಇಳಿಜಾರು ಅಂಥ ಬಿರುಕೊಂದನ್ನು ಕಡಿಯುವಲ್ಲಿ ಹೊರಗೆ ಜಿನುಗುತ್ತದೆ. ಬಂಡೆಯಲ್ಲಿ ತೂತು ಇರಬೇಕೆಂಬುದನ್ನು ಎರಡು ಪಕ್ಷಗಳೂ ಒಪ್ಪುವುದರಿಂದ ವಿವಾದವನ್ನು ಬೆಳೆಸಬೇಕಾದ ಅಗತ್ಯವಿಲ್ಲ. ಬಂಡೆಗೆ ತೂತು ಹೊಡೆದು ನೀರು ತೆಗೆಯುವ ಇದೇ ವಿದ್ಯೆಯನ್ನು ಹೊರವಲಯದ ಬಡಾವಣೆಗಳು ಬೋರ್‌ವೆಲ್ ಲಾರಿಯ ಮೂಲಕ ಇಂದಿಗೂ ನಡೆಸಿಕೊಂಡು ಬಂದಿವೆಯಾದರೂ, ರಾಮನಿಗೆ ಒಂದೇ ಬಾಣದಲ್ಲಿ ಆದದ್ದು ಇವರಿಗೆ ಸಾವಿರ ಅಡಿಯಲ್ಲೂ ಆಗದೆ ಬರೀ ಧೂಳು ಮೇಲೇಳುವುದು ಧನುರ್ವಿದ್ಯೆಯ ಅವನತಿಗೆ ಸಾಕ್ಷಿಯಾಗಿದೆ.

ಇನ್ನು ಪ್ರಮಾಣದ ವಿಚಾರ. ಅಮೆರಿಕದ ಅಂತರ್ಜಲ ವಿಜ್ಞಾನಿ ಆಸ್ಕರ್ ಮೈಂಜರ್ 1920ರ ದಶಕದಲ್ಲಿ ಲೋಕದ ಚಿಲುಮೆಗಳನ್ನು ಅವುಗಳ ಹರಿವಿಗೆ ತಕ್ಕಂತೆ ಎಂಟು ದರ್ಜೆಗಳಾಗಿ ವಿಂಗಡಿಸಿದನು. ಒಂದನೆಯ ದರ್ಜೆಯದು ಸೆಕೆಂಡಿಗೆ ಸುಮಾರು 2,800 ಲೀಟರಿಗೂ ಹೆಚ್ಚು ಕೊಡುತ್ತದೆ; ಎಂಟನೆಯ ದರ್ಜೆಯದು ನಿಮಿಷಕ್ಕೆ ಅರ್ಧ ಲೀಟರನ್ನೂ ಕೊಡುವುದಿಲ್ಲ. ಸೆಕೆಂಡು, ನಿಮಿಷಗಳ ಈ ಮಾನವು ಹೊರವಲಯದ ನಿವಾಸಿಗೆ ಅರ್ಥವಾಗದ ಕಾರಣ ಅದನ್ನು ಟ್ಯಾಂಕರಿಗೆ ಪರಿವರ್ತಿಸಿ ಹೇಳುವುದು ಲೇಸು: 2024ರ ನೀರಿನ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು 5 ಕಿ.ಮೀ. ಒಳಗೆ 1,000 ರೂಪಾಯಿ ದರ ಗೊತ್ತುಮಾಡಿದ್ದ 12,000 ಲೀಟರಿನ ಟ್ಯಾಂಕರನ್ನು ಒಂದನೆಯ ದರ್ಜೆಯ ಚಿಲುಮೆಯು ನಾಲ್ಕೈದು ಸೆಕೆಂಡಿನಲ್ಲಿ ತುಂಬಿಸಿದರೆ, ಎಂಟನೆಯ ದರ್ಜೆಯದಕ್ಕೆ ಹದಿನೇಳು ದಿನಕ್ಕೂ ಮೇಲೆ ಬೇಕು. ಬಂಡೆಯ ಸಣ್ಣ ಕುಳಿಯೊಂದರಲ್ಲಿ ಜಿನುಗುವ ನಾಮದ ಚಿಲುಮೆಯು ಈ ಪಟ್ಟಿಯ ತಲೆಯ ಕಡೆಗಲ್ಲ, ಬಾಲದ ಕಡೆಗೆ ಸೇರಿದ್ದೆಂಬುದು ನೋಡಿದವರಿಗೆಲ್ಲ ಸ್ಪಷ್ಟ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೆಯ ಹಂತವೇ ಉದ್ಘಾಟನೆಗೊಂಡಿರುವಾಗ, ಇಷ್ಟು ಸಣ್ಣ ಜಿನುಗನ್ನು ನೋಡಲು ಹನ್ನೆರಡು ಮಂದಿ ಒಂದಿಡೀ ಭಾನುವಾರವನ್ನು ಮುಡಿಪಾಗಿಡುವುದೇಕೆ ಎಂಬ ಶಂಕೆಗೆ ಸಮಾಧಾನವಿಷ್ಟೆ: ಅದು ಕೇಳದೆಯೇ ಬರುತ್ತದೆ, ಬಂದ ಮೇಲೆ ಬಿಲ್ಲು ಬರುವುದಿಲ್ಲ.

ಸ್ಥಳನಿರ್ಣಯದಲ್ಲಿ ಮೂರು ಪಕ್ಷಗಳುಂಟು. ವೈಟ್‌ಫೀಲ್ಡ್ ಪಕ್ಷವು ತನಗೆ ಹತ್ತಿರವಾದ ಕೋಲಾರದ ಅಂತರಗಂಗೆಯನ್ನು ಮುಂದಿಡುತ್ತದೆ. ಶತಶೃಂಗ ಬೆಟ್ಟದ ಮೇಲಿರುವ ಆ ತಾಣದಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆಯಾದರೂ, ಮೆಟ್ಟಿಲುಗಳ ವಿಷಯ ತಿಳಿದೊಡನೆ ಮಂಡಿನೋವಿನ ಹಿರಿಯರು ಬೇರೆ ಪಕ್ಷಕ್ಕೆ ಸೇರಿಕೊಳ್ಳುತ್ತಾರೆ. ಎಲೆಕ್ಟ್ರಾನಿಕ್ ಸಿಟಿ ಪಕ್ಷವು ಆನೇಕಲ್ ಬಳಿಯ ಮುತ್ಯಾಲಮಡುವನ್ನು ಹೇಳುತ್ತದೆ. ಆ ಜಲಪಾತವು ಮಳೆಯನ್ನು ನೆಚ್ಚಿಕೊಂಡಿರುವುದರಿಂದ ಬೇಸಿಗೆಯಲ್ಲಿ ಹೋದವರಿಗೆ ಮಡುವು ಸಿಕ್ಕರೂ ಮುತ್ತು ಸಿಗುವುದಿಲ್ಲ. ಪೀಣ್ಯ ಪಕ್ಷವು ದಾಬಸ್‌ಪೇಟೆ ಬಳಿಯ ಶಿವಗಂಗೆಯನ್ನು ಎತ್ತಿಹಿಡಿಯುತ್ತದೆ. ಅಲ್ಲಿನ ಒಳಕಲ್ಲು ತೀರ್ಥದಲ್ಲಿ ಬಂಡೆಯ ಕಿಂಡಿಯೊಳಗೆ ಕೈ ಇಳಿಬಿಟ್ಟಾಗ ಪುಣ್ಯವಂತರ ಕೈಗೆ ಮಾತ್ರ ನೀರು ತಾಗುತ್ತದೆಂಬ ನಂಬಿಕೆಯಿದ್ದು, ಭಾವನ ಕೈಗೆ ತಾಗದ ನೀರು ಬಾಮೈದನ ಕೈಗೆ ತಾಗಿದರೆ ಆ ಮಾತು ಮುಂದಿನ ಗೌರಿಹಬ್ಬದವರೆಗೂ ನಡೆಯುವುದರಿಂದ, ಕುಟುಂಬ ಸಮೇತ ಹೋಗುವವರಿಗೆ ಶಾಸ್ತ್ರವು ಇದನ್ನು ನಿಷೇಧಿಸುತ್ತದೆ.

ಹಾಗಾದರೆ ಮಲ್ಲೇಶ್ವರದ ನಂದಿತೀರ್ಥಕ್ಕೇ ಏಕೆ ಹೋಗಬಾರದು? 1997ರಲ್ಲಿ ಮಣ್ಣು ತೆಗೆದಾಗ ಬೆಳಕಿಗೆ ಬಂದ ಆ ಕಲ್ಯಾಣಿಯಲ್ಲೂ ನಂದಿಯ ಬಾಯಿಂದ ಶಿವಲಿಂಗದ ಮೇಲೆ ನೀರು ಹರಿಯುತ್ತಲೇ ಇದೆಯಷ್ಟೆ, ಎಂಬುದು ಪೂರ್ವಪಕ್ಷ. ಸಿದ್ಧಾಂತ: ಅಲ್ಲಿಗೆ ಯಾರು ಬೇಕಾದರೂ ಯಾವಾಗ ಬೇಕಾದರೂ ಹೋಗಿಬಿಡಬಹುದಾದ್ದರಿಂದ, ಯೋಜನೆ ಬೇಡದ ಸ್ಥಳವು ಯೋಜನಾಶಾಸ್ತ್ರಕ್ಕೆ ವಿಷಯವಾಗಲಾರದು. ಹೀಗೆ ಉಳಿದದ್ದು ನಾಮದ ಚಿಲುಮೆ. ಮಕ್ಕಳಿಗೆ ಪಕ್ಕದಲ್ಲೇ ಜಿಂಕೆವನವಿದೆ, ಹಿರಿಯರಿಗೆ ದಾರಿಯಲ್ಲಿ ಸಿದ್ಧಗಂಗಾ ಮಠವಿದೆ, ಹಕ್ಕಿ ನೋಡುವ ಒಬ್ಬನಿಗೆ ಪಕ್ಷಿತಜ್ಞ ಸಲೀಂ ಅಲಿ ತಂಗಿದ್ದ ಅತಿಥಿಗೃಹವಿದೆ, ಎಲ್ಲರಿಗೂ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಿದೆ. ಚಿಲುಮೆಗಾಗಿ ಕೈ ಎತ್ತಿದವರು ಯಾರೂ ಇಲ್ಲವೆಂಬುದನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ದಾಖಲಿಸಬೇಕಾಗುತ್ತದೆ.

ದಿನನಿರ್ಣಯವು ಇದಕ್ಕಿಂತ ಕ್ಲಿಷ್ಟ. ಪೀಣ್ಯದ ಕಾರ್ಖಾನೆಗೆ ಭಾನುವಾರವೊಂದೇ ರಜೆ, ಅದೂ ಓಟಿ, ಅಂದರೆ ಹೆಚ್ಚುವರಿ ದುಡಿಮೆ, ಬೀಳದಿದ್ದರೆ. ಐಟಿಯವರಿಗೆ ಶನಿವಾರವೂ ರಜೆಯಿದ್ದು, ರಿಲೀಸ್, ಅಂದರೆ ತಂತ್ರಾಂಶದ ಬಿಡುಗಡೆ, ಎಂಬ ಗ್ರಹಚಾರ ಬಂದಾಗ ಎರಡೂ ಇಲ್ಲ. ಭಾನುವಾರಗಳಲ್ಲಿ ಅಮಾವಾಸ್ಯೆಯದನ್ನು ಅಜ್ಜಿಯೂ, ಪರೀಕ್ಷೆಯ ಹಿಂದಿನದನ್ನು ತಾಯಂದಿರೂ, ಕ್ರಿಕೆಟ್ ಫೈನಲ್ಲಿನದನ್ನು ಉಳಿದವರೂ ಕಳೆದ ಮೇಲೆ ಉಳಿಯುವ ಏಕೈಕ ಭಾನುವಾರದಂದು ಸಂಬಂಧಿಕರಲ್ಲೊಬ್ಬರ ಗೃಹಪ್ರವೇಶವಿರುತ್ತದೆ.

ಆದರೆ ಈ ಶಾಸ್ತ್ರದ ತಿರುಳಿರುವುದು ಜನಗಣನೆಯಲ್ಲಿ. ಬರುವವರನ್ನು ಎಣಿಸುವುದು ಸುಲಭವೆಂದು ತಿಳಿದವರು ನ್ಯಾಯಶಾಸ್ತ್ರವನ್ನು ಓದಿಲ್ಲ. ಅಲ್ಲಿ ಇಲ್ಲದಿರುವಿಕೆಯನ್ನು, ಅಂದರೆ ಅಭಾವವನ್ನು, ಒಂದು ಪದಾರ್ಥವೆಂದೇ ಒಪ್ಪಿ ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಹುಟ್ಟುವುದಕ್ಕೆ ಮುಂಚೆ ವಸ್ತು ಇಲ್ಲದಿರುವುದು ಪ್ರಾಗಭಾವ: ‘ಅಕ್ಕ, ನಾವು ಬರ್ತೀವಿ, ಆದ್ರೆ ಶುಕ್ರವಾರ ಕನ್ಫರ್ಮ್ ಮಾಡ್ತೀವಿ’ ಎಂದ ವೈಟ್‌ಫೀಲ್ಡಿನ ದಂಪತಿ ಈ ವರ್ಗಕ್ಕೆ ಸೇರುತ್ತಾರೆ, ಪ್ರಾಗಭಾವಕ್ಕೆ ಆದಿಯಿಲ್ಲದಿದ್ದರೂ ಅಂತ್ಯವುಂಟೆಂದು ತಾರ್ಕಿಕರು ಹೇಳುವುದರಿಂದ ಇವರ ಬಗ್ಗೆ ಆಸೆ ಇಟ್ಟುಕೊಳ್ಳಬಹುದು. ಇದ್ದ ವಸ್ತು ಒಡೆದುಹೋದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸಾಭಾವ: ದುಡ್ಡನ್ನೂ ಕಳುಹಿಸಿ, ಕಿಟಕಿಯ ಸೀಟನ್ನೂ ಕಾದಿರಿಸಿ, ಶನಿವಾರ ರಾತ್ರಿ ‘ಮಗೂಗೆ ಸ್ವಲ್ಪ ಮೈ ಬೆಚ್ಚಗಿದೆ’ ಎಂದವರು, ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಮೂರು ಕಾಲಕ್ಕೂ ಇಲ್ಲದಿರುವುದು ಅತ್ಯಂತಾಭಾವ: ಗುಂಪಿನ ಪ್ರತಿ ಸಂದೇಶಕ್ಕೂ ಹೆಬ್ಬೆರಳನ್ನೆತ್ತಿ ತೋರಿಸುವ, ಹಿಂದೆ ಯಾವ ಪ್ರವಾಸಕ್ಕೂ ಬಾರದ, ಮುಂದೆಯೂ ಬಾರದ ಚಿಕ್ಕಪ್ಪ. ಒಂದು ವಸ್ತು ಇನ್ನೊಂದಾಗದಿರುವುದು ಅನ್ಯೋನ್ಯಾಭಾವ. ಘಟವು ಪಟವಲ್ಲವೆಂಬುದು ಶಾಸ್ತ್ರದ ಹಳೆಯ ಉದಾಹರಣೆ. ಕಚೇರಿಯ ನಂದಿಬೆಟ್ಟದ ಪ್ರವಾಸವೇ ಇದೆಂದು ತಿಳಿದು ಬೆಳಗಿನ ಜಾವಕ್ಕೆ ಎದ್ದು ಹೆಬ್ಬಾಳದ ಮೇಲ್ಸೇತುವೆ ಹತ್ತಿದವನನ್ನು ಹೊಸ ಉದಾಹರಣೆಯಾಗಿ ಸೇರಿಸಿಕೊಳ್ಳಬಹುದು. ಟಿಟಿ, ಅಂದರೆ ಟೆಂಪೊ ಟ್ರಾವೆಲರ್ ಎಂಬ ಹನ್ನೆರಡು ಸೀಟಿನ ವಾಹನವನ್ನು ಗೊತ್ತುಮಾಡುವವರು ಭಾವವನ್ನಲ್ಲ, ಅಭಾವವನ್ನು ಎಣಿಸಿ ಮುಂಗಡ ಕೊಡುವುದು ಕ್ಷೇಮ.

ಮಾರ್ಗದ ವಿಷಯದಲ್ಲಿ ಇತ್ತೀಚಿನ ಆಚಾರ್ಯರು ತ್ರಿವೇಣಿ ಮತವನ್ನು ಪ್ರತಿಪಾದಿಸುತ್ತಾರೆ. ವೈಟ್‌ಫೀಲ್ಡಿನವರು ನೇರಳೆ ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್ಕಿಗೂ, ಎಲೆಕ್ಟ್ರಾನಿಕ್ ಸಿಟಿಯವರು 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದಲ್ಲಿ ಆರ್.ವಿ. ರೋಡಿಗೂ ಬಂದು, ಎರಡೂ ಧಾರೆಗಳು ಹಸಿರು ಮಾರ್ಗದಲ್ಲಿ ಲೀನವಾಗಿ, ಪೀಣ್ಯದವರನ್ನು ನಡುದಾರಿಯಲ್ಲಿ ಸೇರಿಸಿಕೊಂಡು, ತುಮಕೂರು ರಸ್ತೆಯ ಮಾದಾವರದಲ್ಲಿ ಟಿಟಿ ಹತ್ತುವುದು ಇದರ ಸಾರ. ನಕ್ಷೆಯಲ್ಲಿ ಈ ಮತಕ್ಕೆ ಎದುರಿಲ್ಲ. ಆದರೆ ಭಾನುವಾರ ಮೆಟ್ರೊ ಹೊರಡುವುದೇ ಬೆಳಿಗ್ಗೆ 7ಕ್ಕಾದ್ದರಿಂದ, ರಾತ್ರಿಪಾಳಿ ಮುಗಿಸಿ 6 ಗಂಟೆಗೇ ಹೊರಬಿದ್ದ ಪೀಣ್ಯದ ತಮ್ಮನು ಪೂರ್ವದಿಕ್ಕಿನ ಧಾರೆಗಾಗಿ ಕಾಯುತ್ತ, ಕ್ಯಾತ್ಸಂದ್ರದ ಇಡ್ಲಿಗೆಂದು ಖಾಲಿ ಬಿಟ್ಟಿದ್ದ ಹೊಟ್ಟೆಗೆ ಗಾಡಿಯ ಚಿತ್ರಾನ್ನ ಹಾಕಿಕೊಂಡುಬಿಡುತ್ತಾನೆ. ತಟ್ಟೆಯಗಲದ ಇಡ್ಲಿಯ ಮುಂದೆ ‘ನಂಗೆ ಒಂದೇ ಸಾಕು’ ಎನ್ನುವ ಅವನ ಮಾತಿಗೆ ಅತ್ತಿಗೆಯಂದಿರು ಆರೋಗ್ಯ, ಮದುವೆ, ಸಂಬಳಗಳ ಕೋನದಿಂದ ವ್ಯಾಖ್ಯಾನ ಮಾಡಿದರೂ ನಿಜವಾದ ಕಾರಣ ಮೆಟ್ರೊ ವೇಳಾಪಟ್ಟಿಯೇ.

ಜಲವಿಧಿ ಎಂಬ ಪ್ರಕರಣದಲ್ಲಿ, ಚಿಲುಮೆಗೆ ಹೋಗುವಾಗ ನೀರನ್ನು ಒಯ್ಯಬೇಕೆ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿನದು ಅಖಂಡ ಜಲವೆಂದು ಅಜ್ಜಿಯೂ, ಯಾವ ನೀರೇ ಆಗಲಿ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ನೋಡದೆ ಕುಡಿಯುವಂತಿಲ್ಲವೆಂದು ಮೊಮ್ಮಗಳೂ ವಾದಿಸಿದ ಮೇಲೆ, ಇಪ್ಪತ್ತು ಲೀಟರಿನ ಎರಡು ಕ್ಯಾನುಗಳನ್ನು ಟಿಟಿಯ ಹಿಂಭಾಗದಲ್ಲಿ ಇರಿಸಲಾಗುತ್ತದೆ. ಇಷ್ಟು ನೀರನ್ನು ಎಂಟನೆಯ ದರ್ಜೆಯ ಚಿಲುಮೆಯೊಂದು ಕೊಡಲು ಕಡಿಮೆಯೆಂದರೂ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ದೊಡ್ಡ ಸಂಸಾರವೊಂದು ಚಿಲುಮೆಗೆ ಬರಿಗೈಯಲ್ಲಿ ಹೋಗಿ ಅದಕ್ಕೆ ಸಂಕೋಚವುಂಟುಮಾಡುವುದಕ್ಕಿಂತ ತನ್ನ ಪಾಲನ್ನು ತಾನೇ ತರುವುದು ಮರ್ಯಾದೆಯೆಂದು ಸಿದ್ಧಾಂತಿಸಬಹುದು. ಅನ್ನವಿಧಿಯಲ್ಲಿ ಅಷ್ಟು ಗೊಂದಲವಿಲ್ಲ: ಪುಳಿಯೋಗರೆ, ಮೊಸರನ್ನ, ಹಪ್ಪಳ. ಇದರಲ್ಲಿ ದೇವರಾಯನದುರ್ಗದ ಕೋತಿಗಳ ಭಾಗವನ್ನು ಬೇರೆಯಾಗಿ ತೆಗೆದಿಡುವ ಕ್ರಮವಿಲ್ಲ, ಅವು ತಾವೇ ತೆಗೆದುಕೊಳ್ಳುತ್ತವೆ.

ದರ್ಶನಕಾಲವು ಅತ್ಯಲ್ಪ. ಕುಳಿಯನ್ನು ಸುತ್ತುವರಿದು, ಬಗ್ಗಿ, ‘ಇಷ್ಟೇನಾ?’ ಎಂದು ಒಬ್ಬರೂ, ‘ಬೇಸಿಗೇಲೂ ಬತ್ತೋದಿಲ್ವಂತೆ’ ಎಂದು ಇನ್ನೊಬ್ಬರೂ ಉಚ್ಚರಿಸಿದೊಡನೆ ವಿಧಿ ಪೂರ್ಣವಾಗುತ್ತದೆ. ಆಮೇಲೆ ಎಲ್ಲರೂ ಜಿಂಕೆಗಳ ಕಡೆಗೆ ನಡೆಯುತ್ತಾರೆ. ಮರಳುವ ವೇಳೆಯನ್ನು ಕುರಿತು ಮಾತ್ರ ಗ್ರಂಥಗಳಲ್ಲಿ ಒಮ್ಮತವಿಲ್ಲ. ನೆಲಮಂಗಲದ ದಟ್ಟಣೆಗೆ ಸಿಕ್ಕಬಾರದೆಂದರೆ 3 ಗಂಟೆಗೇ ಹೊರಡಬೇಕೆಂದು ಚಾಲಕ ಮತ. ಅದೇ ಲೆಕ್ಕದಲ್ಲಿ ಎಲ್ಲರೂ 3ಕ್ಕೇ ಹೊರಡುವುದರಿಂದ 5ಕ್ಕೆ ಹೊರಡುವುದೇ ಜಾಣತನವೆಂದು ಐಟಿ ಮತ. ಅದನ್ನೂ ಉಳಿದವರು ಊಹಿಸಿರುತ್ತಾರಾದ್ದರಿಂದ ಯಾವಾಗ ಹೊರಟರೂ ಒಂದೇ, ಕಾಫಿ ಕುಡಿದೇ ಹೊರಡೋಣವೆಂದು ದೊಡ್ಡಮ್ಮನ ಮತ. ವ್ಯವಹಾರದಲ್ಲಿ ಮೂರನೆಯದೇ ನಡೆಯುತ್ತದೆ, ಏಕೆಂದರೆ ಫ್ಲಾಸ್ಕು ಅವರ ಬಳಿ ಇರುತ್ತದೆ.