ವಾಗ್ಳೆ ಎಸ್ಟೇಟಿನ ಗೃಹೋದ್ಯಮ

ಠಾಣೆಯ ನಮ್ಮ ವಾಗ್ಳೆ ಎಸ್ಟೇಟ್ ಸಾಮಾನ್ಯ ಜಾಗವಲ್ಲ. 1962ರಲ್ಲಿ ಹುಟ್ಟಿದ ಎಂಐಡಿಸಿಯ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಮೊಟ್ಟಮೊದಲ ಕೈಗಾರಿಕಾ ಪ್ರದೇಶ. ಲೇತ್ ಮಿಷನ್ ತಿರುಗುತ್ತಿದ್ದ ಕಡೆ ಈಗ ಐಟಿ ಪಾರ್ಕುಗಳು ಎದ್ದಿವೆ, ನಿಜ. ಆದರೂ ಈ ನೆಲದ ಋಣ ಉಂಡು ಏನನ್ನೂ ತಯಾರಿಸದೆ ಇರುವುದು ಹೇಗೆ? ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಲಿನಕ್ಸ್ ಕರ್ನಲ್ಲನ್ನೇ ಸೋರ್ಸ್‌ನಿಂದ ಕಂಪೈಲ್ ಮಾಡಲು ಕುಳಿತೆ.

“ಎಂತಕ್ಕೆ ಮಾರಾಯ್ರೆ? ರೆಡಿ ಇದ್ದದ್ದು ಪುಕ್ಕಟೆ ಸಿಗ್ತದಲ್ಲ?” ಎಂದಳು ಹೆಂಡತಿ.

ಸಿಗುತ್ತದೆ. ಆದರೆ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ಇದನ್ನು ಶುರು ಮಾಡಿದ್ದೂ ಹವ್ಯಾಸಕ್ಕೇ. ಆಗ ಅವರಿಗೆ ಮದುವೆಯಾಗಿರಲಿಲ್ಲ ಎಂಬ ಅಂಶವನ್ನು ನಾನು ಹೆಂಡತಿಗೆ ಹೇಳಲಿಲ್ಲ.

ಒಳಗಿನ ಕಾರಣ ‘ಮೇಕ್ ಮೆನುಕಾನ್ಫಿಗ್’, ಅಂದರೆ ಕರ್ನಲ್ಲಿನಲ್ಲಿ ಏನೇನಿರಬೇಕೆಂದು ನಮ್ಮನ್ನೇ ಕೇಳುವ ಮೆನು. ಕಿಟಕಿಯ ಕರ್ಟನ್ನಿನಿಂದ ನನ್ನ ಅಂಗಿಯವರೆಗೆ ಈ ಮನೆಯಲ್ಲಿ ಯಾವುದಕ್ಕೂ ನನ್ನ ಅಭಿಪ್ರಾಯ ಕೇಳುವ ಪದ್ಧತಿಯಿಲ್ಲ. ಅಲ್ಲಿ ನೋಡಿ, ಸಾವಿರಾರು ಪ್ರಶ್ನೆ! ‘ವೈ’ ಒತ್ತಿದರೆ ಕರ್ನಲ್ಲಿನ ಒಳಗೇ ವಾಸ. ‘ಎಂ’ ಒತ್ತಿದರೆ ಕರೆದಾಗ ಬರುವ ಮಾಡ್ಯೂಲ್. ‘ಎನ್’ ಎಂದರೆ ಬೇಡ. ಜಾಯ್‌ಸ್ಟಿಕ್ಕೇ? ಬೇಡ. ಅಮೆಚೂರ್ ರೇಡಿಯೋ? ಬೇಡ. ಬೇಡವೆಂದರೂ ಯಾರೂ ಮುಖ ಊದಿಸಲಿಲ್ಲ. ಅಧಿಕಾರ ಚಲಾಯಿಸಿ ಸುಸ್ತಾದ ಮೇಲೆ ‘ಲೋಕಲ್‌ಮಾಡ್‌ಕಾನ್ಫಿಗ್’ ಕೊಟ್ಟೆ. ಆ ಗಳಿಗೆಯಲ್ಲಿ ಲೋಡ್ ಆಗಿರುವ ಮಾಡ್ಯೂಲುಗಳನ್ನು ಉಳಿಸಿಕೊಂಡು ಮಿಕ್ಕವನ್ನು ಅದೇ ಕೈಬಿಡುತ್ತದೆ. ‘ಲೋಕಲ್‌ವರ್ಷನ್’ ಎಂಬಲ್ಲಿ ‘-ವಾಗ್ಳೆ’ ಎಂದು ತುಂಬಿದೆ.

‘ಮೇಕ್’ ಕೊಟ್ಟದ್ದೇ ಸ್ಕ್ರೀನಿನ ಮೇಲೆ ‘ಸಿಸಿ’, ‘ಸಿಸಿ’ ಎಂದು ಸಾಲುಗಳು ಓಡತೊಡಗಿದವು. ಲ್ಯಾಪ್‌ಟಾಪಿನ ಫ್ಯಾನ್ ಭೋರ್ಗರೆಯಿತು, ಬದಿಯಿಂದ ಬಿಸಿಗಾಳಿ. ಹೊರಗೆ ಜುಲೈ ಮಳೆ. ಹೆಂಡತಿ ಇಡ್ಲಿ ಹಿಟ್ಟಿನ ಪಾತ್ರೆಯನ್ನು ತಂದು ಆ ಗಾಳಿಯ ಎದುರಿಗಿಟ್ಟಳು. “ಹೇಗೂ ಕಾಯ್ತಾ ಉಂಟು. ಹಿಟ್ಟಾದರೂ ಉಬ್ಬಲಿ.”

ಬೆಳಿಗ್ಗೆ ಹೊಸ ಕರ್ನಲ್ಲನ್ನು ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಅದರ ಹೆಸರು ಕೇಳಲು ‘ಯುನೇಮ್ -ಆರ್’ ಕೊಟ್ಟರೆ 6.12ರ ಬಾಲದಲ್ಲಿ ‘-ವಾಗ್ಳೆ’! ಕರೆದು ತೋರಿಸಿದೆ.

“ಮೊದಲಿಗಿಂತ ಎಂತ ಹೆಚ್ಚು ಮಾಡ್ತದೆ?”

ನಾನು ಕಾಫಿ ಕೇಳಿದೆ. ಅಷ್ಟರಲ್ಲಿ ಕಾರ್ಕಳದಿಂದ ಅತ್ತೆಯವರ ವಿಡಿಯೋ ಕಾಲ್ ಬಂತು. ‘ಲೋಕಲ್‌ಮಾಡ್‌ಕಾನ್ಫಿಗ್’ ಕೊಟ್ಟಾಗ ವೆಬ್‌ಕ್ಯಾಮ್ ಕಪಾಟಿನಲ್ಲಿ ಮಲಗಿತ್ತು. ಅದರ ಮಾಡ್ಯೂಲ್ ಯುವಿಸಿವಿಡಿಯೋ ಪಟ್ಟಿಯಿಂದಲೇ ಹಾರಿಹೋಗಿತ್ತು. ಸ್ಕ್ರೀನ್ ಕಪ್ಪು.

“ಅಳಿಯಂದಿರು ಎಲ್ಲಿ, ಕಾಣುವುದಿಲ್ಲವಲ್ಲ?”

“ಇಲ್ಲೇ ಇದ್ದಾರಮ್ಮ. ಇದ್ದೂ ಪ್ರಯೋಜನ ಇಲ್ಲ,” ಎಂದವಳೇ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿದಳು. ಆ ವಿದ್ಯೆ ಕಲಿಸಿದ ಗುರು ನಾನೇ.

ನೀವೂ ಈ ಉದ್ಯಮಕ್ಕೆ ಇಳಿಯುವುದಾದರೆ ಮನೆಯಲ್ಲಿರುವ ಯುಎಸ್‌ಬಿ ಸಾಮಾನನ್ನೆಲ್ಲ ಮೊದಲು ಚುಚ್ಚಿ ಇಡಿ. ಹಳೆಯ ಕರ್ನಲ್ಲನ್ನು ಅಳಿಸಬೇಡಿ. ಸಾಧ್ಯವಾದರೆ ಮಳೆಗಾಲದಲ್ಲೇ ಮಾಡಿ. ಇಡ್ಲಿಯಂತೂ ಬಹಳ ಮೆದುವಾಗಿ ಬಂದಿತ್ತು.