ಫಾರ್ಮ್ಯಾಟ್ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬರೆಯಹೊರಟವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ನಿರೂಪಿಸಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಪ್ರಬಂಧದ ವಿಷಯ, ಮನೆಯ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆಯಬೇಕೋ ಬೇಡವೋ ಎಂಬುದು. ಪ್ರಯೋಜನ, ಒಂದು ಭಾನುವಾರದ ರಕ್ಷಣೆ. ಸಂಬಂಧ, ಮಾನಿಟರಿನ ಮುಂದೆ ಕೂತವರಿಗೂ ಅವರ ಬೆನ್ನ ಹಿಂದೆ ನಿಂತು "ಮದುವೆ ಫೋಟೋ ಎಲ್ಲಾ ಇದೆ ತಾನೇ?" ಎಂದು ಕೇಳುವವರಿಗೂ ಇರುವಂಥದು. ಅಧಿಕಾರಿ ಯಾರೆಂಬುದನ್ನು ಕೊನೆಗೆ ಹೇಳಲಾಗುವುದು. ಈಗಲೇ ಹೇಳಿದರೆ ಓದುಗರು ಯಾರೂ ಉಳಿಯುವುದಿಲ್ಲ.

ಪೂರ್ವಪಕ್ಷ

"ಸ್ಲೋ ಆಗಿದೆಯಾ? ಫಾರ್ಮ್ಯಾಟ್ ಹೊಡಿ" ಎನ್ನುವವರು ಸಂಹಾರವಾದಿಗಳು. ಇವರ ಮತ ಬಲಿತದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಪಿ.ಸಿ.ಗಳು ಮನೆಮನೆಗೆ ಬಂದವು. ಅವುಗಳ ಹಿಂದೆಯೇ ಪೆನ್ ಡ್ರೈವ್ ಏರಿ ವೈರಸ್ಸುಗಳೂ ಬಂದವು. ಆಗ ಈ ಮದ್ದು ನಿಜವಾಗಿಯೂ ಕೆಲಸ ಮಾಡುತ್ತಿತ್ತು. ರೋಗ ಬದಲಾಗಿದೆ, ಚೀಟಿ ಮಾತ್ರ ಅದೇ.

ಇವರ ಮೂಲಮಂತ್ರ, "ಸಿ ಡ್ರೈವ್ ಹೋದರೇನು, ಡಿ ಡ್ರೈವ್ ಇದೆಯಲ್ಲ." ಇದಕ್ಕೆ ಆಕ್ಷೇಪವುಂಟು. ಮನೆಮಂದಿ ಎಲ್ಲವನ್ನೂ ಇಡುವುದು ಡೆಸ್ಕ್‌ಟಾಪಿನ ಮೇಲೆ. ಡೆಸ್ಕ್‌ಟಾಪ್ ಕಣ್ಣೆದುರೇ ಇರುವುದರಿಂದ ಅದು ಮಾನಿಟರಿನಲ್ಲಿದೆ ಎಂದು ನಂಬುವವರುಂಟು. ವಾಸ್ತವದಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವಿನ ಒಕ್ಕಲುಗಳು. ಡಿ ಡ್ರೈವಿನಲ್ಲಿ ಸುರಕ್ಷಿತವಾಗಿ ಉಳಿಯುವುದು ಯಾರೂ ಕೇಳದ ಹಾಡುಗಳು.

ಪ್ರಮಾಣ ವಿಚಾರ

ನೈಯಾಯಿಕರು ಒಪ್ಪಿದ ಪ್ರಮಾಣಗಳು ನಾಲ್ಕು.

ಪ್ರತ್ಯಕ್ಷ: ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ನೂರಕ್ಕೆ ನೂರು ಎಂದು ಕಾಣುತ್ತದೆ. ಮನೆಯಲ್ಲಿ ಯಾರಿಗೂ ಬಾರದ ಅಂಕ ಅದಕ್ಕೆ ಬಂದಿರುತ್ತದೆ.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ವಿಷಯದಲ್ಲಿ ಇದು ಅಕ್ಷರಶಃ ನಿಜ, ಮತ್ತು ಆಗ ಫಾರ್ಮ್ಯಾಟಿನಿಂದ ಉಪಯೋಗವಿಲ್ಲ. ಆದರೆ ನಿಧಾನವಿದ್ದಲ್ಲಿ ವಿಂಡೋಸ್ ಕೆಟ್ಟಿದೆ ಎಂಬುದು ಹೇತ್ವಾಭಾಸ. ಆನ್ ಮಾಡಿದೊಡನೆ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮುಗಳು, ಒಂದನ್ನೊಂದು ಕಾವಲು ಕಾಯುವ ಎರಡು ಆಂಟಿವೈರಸ್‌ಗಳು, 4 ಜಿಬಿ ರ್‍ಯಾಮಿನ ಮೇಲೆ ಬ್ರೌಸರಿನ ಸಂತೆ, ಫ್ಯಾನಿಗೆ ಮೆತ್ತಿದ ಧೂಳಿನಿಂದ ಕಾದು ತಾನೇ ವೇಗ ತಗ್ಗಿಸಿಕೊಂಡ ಪ್ರೊಸೆಸರ್, ಇವೆಲ್ಲವೂ ನಿಧಾನಕ್ಕೆ ಕಾರಣಗಳೇ. ಧೂಳಿಗೆ ಫಾರ್ಮ್ಯಾಟ್ ಹೊಡೆಯಲು ಬ್ರಷ್ ಬೇಕು.

ಉಪಮಾನ: "ಪಕ್ಕದ ಮನೆಯವರದು ಫಾರ್ಮ್ಯಾಟ್ ಆದಮೇಲೆ ರಾಕೆಟ್ ಆಗಿದೆಯಂತೆ." ಕೆದಕಿ ಕೇಳಿದರೆ, ನಿಮಿಷಕ್ಕೆ 5400 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದೇ ದಿನ ಎಸ್‌ಎಸ್‌ಡಿ ಹಾಕಿಸಿದ್ದರೆಂದು ತಿಳಿಯುತ್ತದೆ. ಕೀರ್ತಿ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ.

ಶಬ್ದ: ಇದು ಎರಡು ಬಗೆ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನ ಮಾತು ಒಂದು, ಹಾರ್ಡ್ ಡಿಸ್ಕಿನೊಳಗಿನ ಟಕ್ ಟಕ್ ಇನ್ನೊಂದು. ಮೊದಲನೆಯದನ್ನು ಊಟ ಹಾಕಿ ಕಳಿಸಬಹುದು. ಎರಡನೆಯದು ಆಪ್ತವಾಕ್ಯ, ಕೇಳಿಸಿದೊಡನೆ ಚರ್ಚೆ ನಿಲ್ಲಿಸಿ ಫೈಲುಗಳನ್ನು ಬೇರೆಡೆಗೆ ಸಾಗಿಸತಕ್ಕದ್ದು.

ಪ್ರಳಯಾನಂತರದ ಸ್ಥಿತಿ

ಹಾರ್ಡ್ ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಸರ್ವವೂ ನಾಶವಾಯಿತೆಂಬುದು ಭ್ರಾಂತಿ. ಹೋಗುವುದು ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ. ಮೇಲೆ ಹೊಸದನ್ನು ಬರೆಯುವವರೆಗೆ ಒಳಗಿನ ಸರಕು ಅಲ್ಲೇ ಇರುತ್ತದೆ. ಹೀಗಾಗಿ ನಮಗೆ ಬೇಕಾದದ್ದು ನಮಗೆ ಸಿಗುವುದಿಲ್ಲ, ಬೇರೆಯವರಿಗೆ ಸಿಗಬಾರದ್ದು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಸಿಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕನ್ನಡಿಗರ ಪಾಡು. ವಿಂಡೋಸಿನ ರೀಸೆಟ್‌ನಲ್ಲಿ "ನನ್ನ ಫೈಲುಗಳಿರಲಿ" ಎಂಬ ಕರುಣಾಮಯ ಆಯ್ಕೆಯುಂಟು. ಅದು ಫೈಲು ಉಳಿಸಿ, ನಾವು ಹಾಕಿಕೊಂಡ ತಂತ್ರಾಂಶಗಳನ್ನು ತೆಗೆಯುತ್ತದೆ. ಯೂನಿಕೋಡಿಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪತ್ರವನ್ನು ಆಮೇಲೆ ತೆರೆದರೆ ಗೃಹಪ್ರವೇಶದ ಆಮಂತ್ರಣವು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ದರ್ಶನ ಕೊಡುತ್ತದೆ. ಫೈಲು ಹೋಗಿಲ್ಲ, ಓದುವ ಭಾಗ್ಯ ಹೋಗಿದೆ. ಫಾಂಟು ಮತ್ತೆ ಹಾಕುವುದೇ ಇದಕ್ಕೆ ಪರಿಹಾರ. ಹಾಗೆಯೇ ಮತ್ತೆ ಹಾಕಬೇಕಾದ ಪ್ರಿಂಟರಿನ ಡ್ರೈವರ್ ಇರುವುದು ಸಿ.ಡಿ.ಯಲ್ಲಿ, ಸಿ.ಡಿ. ಹಾಕುವ ಬಾಯಿ ಹೊಸ ಕಂಪ್ಯೂಟರಿಗಿಲ್ಲ.

ಸಿದ್ಧಾಂತ

ಮೀಮಾಂಸಕರ ಕರ್ಮವಿಭಾಗವನ್ನು ಇಲ್ಲಿಗೆ ಅನ್ವಯಿಸೋಣ. ಬ್ಯಾಕಪ್ ನಿತ್ಯಕರ್ಮ, ಮಾಡಿದರೆ ಫಲ ಕಾಣದು, ಮಾಡದಿದ್ದರೆ ದೋಷ ಖಚಿತ. ಬಿಡದ ವೈರಸ್ ಹೊಕ್ಕಾಗ, ಕಂಪ್ಯೂಟರನ್ನು ಪರರಿಗೆ ದಾಟಿಸುವಾಗ ಮಾಡುವ ಫಾರ್ಮ್ಯಾಟ್ ನೈಮಿತ್ತಿಕ. ವೇಗದ ಆಸೆಯಿಂದ ಮಾಡುವುದು ಕಾಮ್ಯ. ಜಿಎಸ್‌ಟಿ ರಿಟರ್ನಿನ ಕೊನೆಯ ದಿನ ಮಾಡುವುದು ನಿಷಿದ್ಧ.

"2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ, ಈಗಲಾದರೂ ಹೊಡೆಯೋಣ" ಎಂಬ ನವ್ಯರ ವಾದವೂ ನಿಲ್ಲದು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕ ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಪ್ರೊಸೆಸರನ್ನಾದರೂ ಕೇಳುತ್ತದೆ. ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಪ್ರೊಸೆಸರಿಗೆ ಪುನರ್ಜನ್ಮವಿಲ್ಲ.

ಇನ್ನು ಅಧಿಕಾರಿ. ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿ, ನಕಲು ತೆರೆಯುತ್ತದೆಯೇ ಎಂದು ನೋಡಿ, ಪಾಸ್‌ವರ್ಡುಗಳನ್ನು ಬರೆದಿಟ್ಟು, 8 ಜಿಬಿ ಪೆನ್ ಡ್ರೈವಿನಲ್ಲಿ ವಿಂಡೋಸ್ ಸಿದ್ಧಪಡಿಸಿಕೊಂಡವರೇ ಫಾರ್ಮ್ಯಾಟಿಗೆ ಅರ್ಹರು. ಆದರೆ ಈ ಅರ್ಹತೆ ಗಳಿಸುವ ಹಾದಿಯಲ್ಲಿ ಅವರು ಒಂದೇ ಮುಂಜಿ ವೀಡಿಯೋದ ನಾಲ್ಕು ಪ್ರತಿ ಕಂಡು ಮೂರನ್ನು ಅಳಿಸಿರುತ್ತಾರೆ, ಬೇಡದ ಪ್ರೋಗ್ರಾಮು ಕಿತ್ತಿರುತ್ತಾರೆ, ತುಂಬಿ ತುಳುಕುತ್ತಿದ್ದ ಸಿ ಡ್ರೈವಿಗೆ ಉಸಿರಾಡಲು ಜಾಗ ಬಂದಿರುತ್ತದೆ. ಕಂಪ್ಯೂಟರ್ ಓಡತೊಡಗುತ್ತದೆ. ಆದ್ದರಿಂದ ಅರ್ಹರಿಗೆ ಫಾರ್ಮ್ಯಾಟ್ ಬೇಕಿಲ್ಲ, ಬೇಕಾದವರಿಗೆ ಅರ್ಹತೆಯಿಲ್ಲ. ಕಾಮ್ಯ ಫಾರ್ಮ್ಯಾಟ್ ತರ್ಕತಃ ಅಸಂಭವ.

ಆದರೂ ಊರೂರಲ್ಲಿ ದಿನವೂ ನಡೆಯುತ್ತಿದೆಯಲ್ಲ ಎಂದು ಆಕ್ಷೇಪಿಸಿದರೆ ಸಮಾಧಾನ ಇಷ್ಟೇ: ಹೊಡೆಯುತ್ತಿರುವವರು ಈ ಪ್ರಬಂಧ ಓದಿಲ್ಲ, ಓದಿದವರು ಇನ್ನೂ ಬ್ಯಾಕಪ್ ತೆಗೆಯುತ್ತಿದ್ದಾರೆ.